ಗುಡಿಸಿದರೆ ಸಾಕು ಸೀನು ಬರುತ್ತದೆ, ಇದು ಯಾವ ಅಲರ್ಜಿ?
ಪೊರಕೆ ಹಿಡಿದರೆ ಸಾಲು ಸಾಲು ಸೀನು ಎಂದಿರಲ್ಲ, ಅದು ಹೆಚ್ಚಾಗಿ ಧೂಳಿನ ಅಲರ್ಜಿ. ಬರೀ ಮಣ್ಣಲ್ಲ, ಹಾಸಿಗೆ ದಿಂಬಿನಲ್ಲಿರುವ ಕಣ್ಣಿಗೆ ಕಾಣದ ಧೂಳುಹುಳ, ಅದರ ಹಿಕ್ಕೆ ಇದಕ್ಕೆ ಕಾರಣ. ದೇಹ ಅದನ್ನು ಶತ್ರು ಅಂದುಕೊಂಡು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತದೆ, ಮೂಗು ಸೋರುತ್ತದೆ.

ನಮ್ಮ ಮಂಡ್ಯ ಕಡೆ ಇನ್ನೊಂದು ಕಾಟ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಪರಾಗ ಮೂಗಿಗೆ ಹೋದರೆ ಸೀನು, ಬದುವಿನಲ್ಲಿ ಬರಿಗೈಯಲ್ಲಿ ಕಿತ್ತರೆ ಕೆಲವರಿಗೆ ಮೈಯೆಲ್ಲ ತುರಿಕೆ. ಆಲೆಮನೆ ಹೊಗೆಗೆ ಕೆಮ್ಮು ಬಂದರೆ ಮಾತ್ರ ಅದು ಅಲರ್ಜಿ ಅಲ್ಲ, ಸುಮ್ನೆ ಹೊಗೆಯ ಕಿರಿಕಿರಿ!

ಉಳಿದಂತೆ ಕೆಲವರಿಗೆ ಅಲರ್ಜಿ ತರುವವು ಕಡಲೆಕಾಯಿ, ಮೊಟ್ಟೆ, ಹಾಲು, ಸಿಗಡಿ, ಪೆನಿಸಿಲಿನ್ ಔಷಧಿ, ಜೇನುನೊಣದ ಕಡಿತ. ಇವುಗಳಿಂದ ತುಟಿ ಊದಿ ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.