ಹಿತ್ತಲಲ್ಲಿ ತಾನಾಗಿ ಬೆಳೆದ ಮರದ ಕೆಂಪು ಹಣ್ಣನ್ನು ಮಕ್ಕಳು ತಿನ್ನಬಹುದೇ?

ನೀವು ಹೇಳಿದ ಲಕ್ಷಣಗಳು, ಅಂದರೆ ಅಗಲವಾಗಿ ಚಾಚಿದ ಕೊಂಬೆ, ಐದು ಎಸಳಿನ ಬಿಳಿ ಹೂವು, ಗೋಲಿ ಗಾತ್ರದ ಕೆಂಪು ಹಣ್ಣು, ಗಸಗಸೆ ಹಣ್ಣಿನ ಮರಕ್ಕೆ ಹೊಂದುತ್ತವೆ. ಸಿಂಗಪುರ ಚೆರ್ರಿ ಎಂದೂ ಕರೆಯುವ ಇದರ ಮೂಲ ಅಮೆರಿಕದ ಉಷ್ಣವಲಯ. ಹಣ್ಣು ತಿನ್ನಲು ಯೋಗ್ಯ, ಬಹಳ ಸಿಹಿ.

ಆದರೂ ಖಚಿತಪಡಿಸಿಕೊಳ್ಳಿ. ಎಲೆಯನ್ನು ಮುಟ್ಟಿ ನೋಡಿ: ನವಿರಾದ ರೋಮಗಳಿದ್ದು ಸ್ವಲ್ಪ ಅಂಟಂಟಾಗಿರಬೇಕು. ಅಂಚು ಗರಗಸದಂತಿದ್ದು, ಎಲೆಯ ಬುಡದ ಎರಡು ಬದಿಗಳು ಸಮವಾಗಿರುವುದಿಲ್ಲ. ಹಣ್ಣನ್ನು ಹಿಸುಕಿದರೆ ರಸಭರಿತ ತಿರುಳಿನಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ಬೀಜಗಳು ಕಾಣುತ್ತವೆ. ಇವೆಲ್ಲ ಕೂಡಿಬಂದರೆ ಅನುಮಾನ ಬೇಡ. ಚೆನ್ನಾಗಿ ಕೆಂಪಾದದ್ದನ್ನು ತೊಳೆದು ಕೊಡಿ, ರಾತ್ರಿ ಬಾವಲಿಗಳು ಕಚ್ಚಿದ ಹಣ್ಣು ಮಾತ್ರ ಬೇಡವೇ ಬೇಡ.

"ಹಕ್ಕಿ ತಿನ್ನುತ್ತದೆ, ಹಾಗಾಗಿ ನಮಗೂ ಸರಿ" ಎಂಬ ನಂಬಿಕೆಯನ್ನು ದಯವಿಟ್ಟು ಬಿಟ್ಟುಬಿಡಿ. ಬೇಲಿಗೆ ಬೆಳೆಸುವ ಡುರಾಂಟದ ಹಳದಿ ಹಣ್ಣನ್ನು ಹಕ್ಕಿಗಳು ತಿನ್ನುತ್ತವೆ, ಮಕ್ಕಳಿಗೆ ಅದು ವಿಷ. ಗುಲಗಂಜಿಯ ಕೆಂಪು ಬೀಜವಂತೂ ಜಗಿದರೆ ಪ್ರಾಣಕ್ಕೇ ಅಪಾಯ. ಗುರುತು ಸಿಗದ ಹಣ್ಣನ್ನು ರುಚಿ ನೋಡಿ ಪರೀಕ್ಷಿಸಬೇಡಿ. ಹೂವು, ಎಲೆ, ಹಣ್ಣು ಮೂರೂ ಇರುವ ರೆಂಬೆಯನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ಅಧ್ಯಾಪಕರಿಗೆ ತೋರಿಸಿ.