ಸೀರೆ ಎಲ್ಲಿ ಕಾಣುತ್ತದೆ? ಜವಳಿ ಮಳಿಗೆಯ ಒಳಾಂಗಣದ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಶಿವಮೊಗ್ಗದ ಗಾಂಧಿಬಜಾರಿನಲ್ಲಿ ನಮ್ಮದು ತಂದೆಯವರ ಕಾಲದಿಂದ ನಡೆದುಬಂದ ಜವಳಿ ಅಂಗಡಿ. ಈಗ ದುರ್ಗಿಗುಡಿಯಲ್ಲಿ 20 ಅಡಿ ಅಗಲ, 60 ಅಡಿ ಉದ್ದದ ಜಾಗವೊಂದನ್ನು ಬಾಡಿಗೆಗೆ ಪಡೆದು, ಇಳಕಲ್ ಮತ್ತು ಮೊಳಕಾಲ್ಮೂರು ಸೀರೆ, ಗುಳೇದಗುಡ್ಡದ ಖಣ ಹಾಗೂ ಕೈಮಗ್ಗದ ಹತ್ತಿ ಬಟ್ಟೆಗೆಂದೇ ಹೊಸ ಮಳಿಗೆ ತೆರೆಯಲಿದ್ದೇವೆ. ಮಲೆನಾಡಿನ ಕರಕುಶಲ ಕಲೆಗಳೇ ಒಳಾಂಗಣದ ಆಧಾರವಾಗಬೇಕೆಂದು ಕೇಳಿದ್ದೆವು. ವಿನ್ಯಾಸಕರು ಗೋಡೆಗಳ ತುಂಬ ಹಸೆ ಚಿತ್ತಾರದ ಮುದ್ರಿತ ಹಾಳೆ, ಕೆತ್ತನೆಯಂತೆ ತೋರುವ ಫೈಬರ್ ಕಂಬ, ಇಡೀ ಚಾವಣಿಗೆ ಬಿದಿರಿನ ತಟ್ಟಿ, ಕೆಂಪು ನೆಲ ಮತ್ತು ಹಳದಿ ಬೆಳಕನ್ನು ಸೂಚಿಸಿದ್ದಾರೆ. ನಕ್ಷೆ ನೋಡಿದ ತಂದೆಯವರು, ‘ಇದರಲ್ಲಿ ಸೀರೆ ಎಲ್ಲಿ ಕಾಣುತ್ತದೆ?’ ಎಂದು ಕೇಳಿದರು. ನಿಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ತಂದೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಜವಳಿ ಮಳಿಗೆಯ ವಿನ್ಯಾಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಇಳಕಲ್ ಸೀರೆಯ ತೋಪು ತೆನಿ ಸೆರಗಾಗಲಿ, ಖಣದ ಸಣ್ಣ ಬುಟ್ಟಾಗಳಾಗಲಿ ಸ್ವತಃ ದಟ್ಟವಾದ ವಿನ್ಯಾಸಗಳು. ಅವುಗಳ ಹಿಂದೆ ಚಿತ್ತಾರದ ಗೆರೆಗಳು ತುಂಬಿದ ಗೋಡೆಯನ್ನು ನಿಲ್ಲಿಸಿದರೆ ಬಟ್ಟೆ, ಗೋಡೆ ಎರಡೂ ಕಣ್ಣಿಗೆ ನಿಲುಕುವುದಿಲ್ಲ. ಆದ್ದರಿಂದ ಬಟ್ಟೆಯನ್ನು ಬಿಚ್ಚಿ ತೋರಿಸುವ ಭಾಗದಲ್ಲಿ ಅಲಂಕಾರವೇ ಬೇಡ. ಕರಕುಶಲ ಕಲೆಯು ಅಲ್ಲಿನ ಪೀಠೋಪಕರಣದ ಕಟ್ಟುವಿಕೆಯಲ್ಲಿ, ಮರದ ಜೋಡಣೆಯಲ್ಲಿ, ಹೆಣಿಗೆಯಲ್ಲಿ ಇರಲಿ.

ಹಳೆಯ ಅಂಗಡಿಗಳ ಬಿಳಿ ಹಾಸಿನ ಗದ್ದಿಗೆಯನ್ನು ಹೊಸ ವಿನ್ಯಾಸಕರು ಹಳೇ ಕಾಲದ್ದೆಂದು ತೆಗೆದುಹಾಕುವುದನ್ನು ಹಲವೆಡೆ ಕಂಡಿದ್ದೇನೆ. ಅದು ಬಟ್ಟೆ ವ್ಯಾಪಾರದ ಅತ್ಯಂತ ಜಾಣ ಪೀಠೋಪಕರಣವೆಂಬುದು ನನ್ನ ಖಚಿತ ಅಭಿಪ್ರಾಯ. ಬಿಳಿಯ ಹಾಸಿನ ಮೇಲೆ ಬಿಚ್ಚಿದ ಬಟ್ಟೆಯ ಬಣ್ಣಕ್ಕೆ ಸುತ್ತಲಿನ ಯಾವ ಛಾಯೆಯೂ ಬೆರೆಯುವುದಿಲ್ಲ. ವಿನ್ಯಾಸಕರು ಸೂಚಿಸಿದ ಕೆಂಪು ನೆಲವು ಇದಕ್ಕೆ ವಿರುದ್ಧವಾಗಿ ವರ್ತಿಸುತ್ತದೆ: ಮೇಲಿನ ಬೆಳಕು ಕಾವಿ ನೆಲಕ್ಕೆ ತಾಗಿ ಮೇಲೆದ್ದಾಗ ಬಿಳಿ ಹತ್ತಿ ಸೀರೆಗೆ ಗುಲಾಬಿ ಛಾಯೆ ಬರುತ್ತದೆ, ಹಸಿರು ಬಣ್ಣ ಮಂಕಾಗುತ್ತದೆ. ಕಾವಿ ನೆಲ ನಮ್ಮ ಮನೆಗಳ ಸೊಗಸು ನಿಜ, ಆದರೆ ಮಳಿಗೆಯಲ್ಲಿ ಅದನ್ನು ಪ್ರವೇಶದ ಹತ್ತು–ಹನ್ನೆರಡು ಅಡಿಗಳಿಗೆ ಸೀಮಿತಗೊಳಿಸಿ, ಒಳಭಾಗಕ್ಕೆ ತಿಳಿ ಬೂದು ಬಣ್ಣದ ಕಲ್ಲನ್ನೋ ಟೈಲ್ಸನ್ನೋ ಆರಿಸಿಕೊಳ್ಳಿ.

ಅಳತೆಯ ಲೆಕ್ಕ ಹೀಗಿರಲಿ. ಸೀರೆಯ ಅಗಲ ಸಾಮಾನ್ಯವಾಗಿ 45ರಿಂದ 48 ಅಂಗುಲ. ಆದ್ದರಿಂದ ಸೆರಗನ್ನು ಪೂರ್ತಿ ಹರಡಿ ತೋರಿಸಲು ಗದ್ದಿಗೆಯ ಆಳ 5 ಅಡಿಯಾದರೂ ಇರಬೇಕು. ಎಡಗೋಡೆಗೆ ಒಂದೂವರೆ ಅಡಿ ಆಳದ ಕಪಾಟು, ಅದರ ಮುಂದೆ ಗದ್ದಿಗೆ, ಗ್ರಾಹಕರಿಗೆ ಒಂದೂವರೆ ಅಡಿಯ ಬೆಂಚು ಸೇರಿ 8 ಅಡಿಯಾಗುತ್ತದೆ. ನಡುವೆ ಓಡಾಡಲು 5 ಅಡಿ ಬಿಡಿ. ಬಲಗಡೆ ಖಣ ಮತ್ತು ಹತ್ತಿ ಬಟ್ಟೆಗೆ ಕಪಾಟು, ಮಾರಾಟಗಾರರು ನಿಲ್ಲುವ ಜಾಗ ಹಾಗೂ 2 ಅಡಿಯ ಕೌಂಟರ್ ಸೇರಿ 6 ಅಡಿ ಸಾಕು. ಉಳಿಯುವ ಒಂದು ಅಡಿಯನ್ನು ಎರಡೂ ಕಡೆ ಕಪಾಟಿಗೂ ಗೋಡೆಗೂ ನಡುವಿನ ಗಾಳಿಸಂದಿಗೆ ಹಂಚಬೇಕು. ನಮ್ಮ ಮಳೆಗಾಲದಲ್ಲಿ ಹೊರಗೋಡೆ ನೀರು ಹೀರಿಕೊಂಡಾಗ ಅದಕ್ಕೆ ಅಂಟಿಕೊಂಡ ಕಪಾಟಿನ ಹಿಂಬದಿಯಲ್ಲಿಯೇ ಮೊದಲು ಬೂಷ್ಟು ಹಿಡಿಯುವುದರಿಂದ ಈ ಸಂದಿಯನ್ನು ಯಾರು ಎಷ್ಟೇ ಹೇಳಿದರೂ ಬಿಟ್ಟುಕೊಡಬೇಡಿ. ಗದ್ದಿಗೆಯನ್ನು ಒಂದೂವರೆ ಅಡಿ ಎತ್ತರಿಸಿದರೆ, ಮಂಡಿನೋವಿನ ಹಿರಿಯರೂ ಬೆಂಚಿನ ಮೇಲೆ ಕುಳಿತು ಆರಾಮವಾಗಿ ನೋಡಬಹುದು.

ಈ ಗದ್ದಿಗೆ ಮತ್ತು ಕಪಾಟುಗಳಲ್ಲೇ ಮಲೆನಾಡಿನ ಮರಗೆಲಸಕ್ಕೆ ಅವಕಾಶವಿದೆ. ನಕ್ಷೆ ಅಂತಿಮಗೊಳಿಸುವ ಮೊದಲು ವಿನ್ಯಾಸಕರನ್ನು ಕರೆದುಕೊಂಡು ನಿಮ್ಮ ಊರಿನಲ್ಲೇ ಇರುವ ಶಿವಪ್ಪನಾಯಕನ ಅರಮನೆಗೆ ಹೋಗಿ ಬನ್ನಿ. ಅಲ್ಲಿನ ಮರದ ಕಂಬಗಳ ದಪ್ಪ, ಕಂಬದ ತಲೆಯ ಮೇಲಿನ ಬೋದಿಗೆಯ ಪ್ರಮಾಣ, ಕಂಬಕ್ಕೂ ಕಂಬಕ್ಕೂ ನಡುವಿನ ಅಂತರವನ್ನು ಗಮನಿಸಿದರೆ ಫೈಬರ್ ಕಂಬದ ವಿಚಾರ ತಾನಾಗಿ ಬಿದ್ದುಹೋಗುತ್ತದೆ. ಭಾರ ಹೊರದ ಕಂಬಗಳನ್ನು ಸಾಲಾಗಿ ನಿಲ್ಲಿಸುವುದಕ್ಕಿಂತ, ಸಾಗರ ಮತ್ತು ಸೊರಬದ ಗುಡಿಗಾರ ಕುಟುಂಬಗಳಿಂದ ಗಲ್ಲಾಪೆಟ್ಟಿಗೆಯ ಮುಂಭಾಗವನ್ನು ಅಥವಾ ಬಾಗಿಲವಾಡವೊಂದನ್ನು ಮಾತ್ರ ಚೆನ್ನಾಗಿ ಕೆತ್ತಿಸಿ. ಗುಡಿಗಾರರೆಂದರೆ ಶ್ರೀಗಂಧವೇ ಆಗಬೇಕೆಂದಿಲ್ಲ. ಶಿವನಿ ಮರದಲ್ಲಿಯೂ ಅವರ ಕೈ ಚೆನ್ನಾಗಿ ಓಡುತ್ತದೆ. ಬಿಚ್ಚಿದ ಹಳೆಮನೆಯ ತೊಲೆ, ಕಂಬಗಳನ್ನು ಕೊಳ್ಳುವುದಾದರೆ ಗೆದ್ದಲು ಪರೀಕ್ಷೆ ಮಾಡಿಸಿ, ರಸೀದಿ ಪಡೆಯಿರಿ, ಬೀಟೆ ಅಥವಾ ಸಾಗುವಾನಿಯಾದರೆ ಸಾಗಾಟಕ್ಕೆ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಹಸೆ ಚಿತ್ತಾರದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಮದುವೆಯ ಸಂದರ್ಭದಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬರೆಯುವ ಈ ಚಿತ್ರದಲ್ಲಿ ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದು ಕರಿಯಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ನಾರಿನ ಕುಂಚದಿಂದ ಎಳೆದ ಗೆರೆಯ ಸಣ್ಣ ಏರಿಳಿತವೇ ಅದರ ಜೀವ, ಮುದ್ರಿತ ಹಾಳೆಯಲ್ಲಿ ಅದು ಸತ್ತುಹೋಗುತ್ತದೆ. ಪ್ರವೇಶದ ಎದುರಿನ ಒಂದೇ ಗೋಡೆಯನ್ನು, ಸುಮಾರು 8 ಅಡಿ ಅಗಲದಷ್ಟನ್ನು, ಮಣ್ಣಿನ ಗಿಲಾವು ಮಾಡಿಸಿ ಚಿತ್ತಾರ ಬಲ್ಲ ಮಹಿಳೆಯರಿಂದಲೇ ಬರೆಸಿ. ದಿನಗೂಲಿಯ ಲೆಕ್ಕದಲ್ಲಿ ಕೊಡದೆ ಕಲಾವಿದರಿಗೆ ಸಲ್ಲುವ ಸಂಭಾವನೆ ಕೊಟ್ಟು, ಅವರು ಒಪ್ಪಿದರೆ ಗೋಡೆಯ ಬದಿಯಲ್ಲಿ ಅವರ ಹೆಸರನ್ನೂ ಊರನ್ನೂ ಬರೆಯಿರಿ. ಮದುವೆಯ ಹಸೆಯ ಚಿತ್ರವನ್ನು ನೆಲದ ಮೇಲೆ ತುಳಿಯುವಂತೆ ಅಥವಾ ಶೌಚಾಲಯದ ಬಾಗಿಲಿಗೆ ಹಾಕುವುದು ಖಂಡಿತ ಕೂಡದು. ಹೀಗೆ ಮಾಡಿದ ಮಳಿಗೆಗಳೂ ಇವೆ ಎಂಬುದರಿಂದ ಹೇಳಬೇಕಾಯಿತು. ಅಕ್ಕಿಯ ಬಣ್ಣ ಕೈ ತಾಗಿದರೆ ಉದುರುತ್ತದೆ, ಆದ್ದರಿಂದ ಗೋಡೆಯ ಮುಂದೆ ಎರಡು ಅಡಿ ಅಂತರಕ್ಕೆ ಮೊಣಕಾಲೆತ್ತರದ ಜಗಲಿ ಕಟ್ಟಿಸಿ. ಜೊತೆಗೆ ಬಂದವರು ಅದರ ಮೇಲೆ ಕುಳಿತೂ ಇರಬಹುದು.

ಬಿದಿರಿನ ತಟ್ಟಿಯನ್ನು ಇಡೀ ಚಾವಣಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬಟ್ಟೆ ತುಂಬಿದ ಕೋಣೆಯ ಮೇಲೆ ಒಣ ಬಿದಿರು, ಅದರ ಹಿಂದೆ ಕಣ್ಣಿಗೆ ಬೀಳದ ವೈರುಗಳು ಎಂದರೆ ಬೆಂಕಿಗೆ ಆಹ್ವಾನ. ಮೇದಾರರ ಹೆಣಿಗೆಯನ್ನು ಬಟ್ಟೆ ಬದಲಿಸುವ ಕೋಣೆಯ ಮರೆಗೆ, ಖಣದ ತುಂಡುಗಳನ್ನಿಡುವ ಬುಟ್ಟಿಗೆ ಬಳಸಿ. ಕುಟ್ಟೆಹುಳು ಹಿಡಿಯದಂತೆ ಬಿದಿರನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿರಬೇಕು. ಬುಟ್ಟಿಯ ಒಳಗೆ ಬಟ್ಟೆಯ ಅಸ್ತರಿ ಇರಲೇಬೇಕು, ಇಲ್ಲವಾದರೆ ಬಿದಿರಿನ ಸಿಬಿರು ರೇಷ್ಮೆಯ ಎಳೆಯನ್ನು ಎಳೆದುಬಿಡುತ್ತದೆ.

ಬೆಳಕಿನ ಖರ್ಚಿನಲ್ಲಿ ಮಾತ್ರ ಉಳಿತಾಯ ಬೇಡ. ಗದ್ದಿಗೆಯ ಮೇಲೆ 4,000 ಕೆಲ್ವಿನ್‌ನ, ಸಿಆರ್‌ಐ 90ಕ್ಕಿಂತ ಹೆಚ್ಚಿರುವ ದೀಪಗಳನ್ನೇ ಹಾಕಿಸಿ. ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ, ಸಿಆರ್‌ಐ ಎಂಬುದು ದೀಪವು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ನೂರರ ಅಂಕ. ಕೊಳ್ಳುವಾಗ ಆರ್9 ಎಂಬ ಅಂಕಿಯನ್ನೂ ಕೇಳಿ. ಕಡುಗೆಂಪನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದನ್ನು ಅದು ತಿಳಿಸುತ್ತದೆ, ಇಳಕಲ್ ಸೆರಗಿನ ಕೆಂಪಿಗೆ ಅದು ಮುಖ್ಯ. 3,000 ಕೆಲ್ವಿನ್‌ನ ಹಳದಿ ಬೆಳಕು ಚಿತ್ತಾರದ ಗೋಡೆಗೆ ಒಪ್ಪುತ್ತದೆ, ಅಲ್ಲಿಗೇ ಇರಲಿ. ಅಂಗಡಿಯಲ್ಲಿ ಒಂದು ಬಣ್ಣ, ಮನೆಗೆ ಹೋದ ಮೇಲೆ ಇನ್ನೊಂದು ಬಣ್ಣ ಎಂಬ ದೂರು ಹುಟ್ಟುವುದು ಇಂಥ ಬೆಳಕಿನಿಂದಲೇ. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಿಂದ ಬಣ್ಣ ಕಟ್ಟಿದ, ಹೆಗ್ಗೋಡಿನ ಚರಕ ಸಂಸ್ಥೆಯ ಬಟ್ಟೆಯಂಥವನ್ನು ಇಡುವುದಾದರೆ ಇನ್ನಷ್ಟು ಎಚ್ಚರ ಬೇಕು, ನೈಸರ್ಗಿಕ ಬಣ್ಣಗಳ ಸೂಕ್ಷ್ಮ ಛಾಯೆಗಳು ಕೆಟ್ಟ ಬೆಳಕಿನಲ್ಲಿ ಒಂದೇ ಕಂದುಬಣ್ಣವಾಗಿ ಕಾಣುತ್ತವೆ. ಅಂಥ ಬಟ್ಟೆಯನ್ನು ಬಿಸಿಲು ಬೀಳುವ ಗಾಜಿನ ಕಿಟಕಿಯಲ್ಲಿ ತಿಂಗಳುಗಟ್ಟಲೆ ತೂಗುಹಾಕಬೇಡಿ.

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮದು ಸಣ್ಣ ಸೀರೆ ಅಂಗಡಿ. ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿನ ಕಪಾಟಿನಲ್ಲಿಟ್ಟ ಜರಿ ಸೀರೆಗಳ ಅಂಚು ಕಪ್ಪಾಗುತ್ತದೆ. ಮರದ ಕಪಾಟು ಮಾಡಿಸಿದರೆ ಸರಿಹೋದೀತೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮರಕ್ಕೆ ಬದಲಿಸಿದ ಮಾತ್ರಕ್ಕೆ ಸರಿಹೋಗದು. ಜರಿಯಲ್ಲಿರುವ ಬೆಳ್ಳಿ ಅಥವಾ ತಾಮ್ರವು ತೇವ ಮತ್ತು ಗಂಧಕದ ಅಂಶ ಸೇರಿದಾಗ ಕಪ್ಪಾಗುತ್ತದೆ. ಸೀರೆಗೆ ಸುತ್ತಿದ ರಬ್ಬರ್ ಬ್ಯಾಂಡ್, ಮಡಿಕೆಯ ನಡುವಿನ ಹಳೆಯ ವೃತ್ತಪತ್ರಿಕೆ, ಜರಿಗೆ ತಾಗುವಂತೆ ಇಟ್ಟ ನುಸಿಗುಳಿಗೆ ಇವನ್ನು ಮೊದಲು ತೆಗೆಯಿರಿ. ಪ್ರತಿ ಸೀರೆಯನ್ನು ಗಂಜಿ ಹೋಗುವಂತೆ ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಗಾಜಿನ ಕಪಾಟಿಗೆ ಮೇಲೆ, ಕೆಳಗೆ ಗಾಳಿಕಂಡಿಗಳನ್ನು ಕೊರೆಸಬಹುದು. ಅಗ್ಗದ ತೇವಮಾಪಕವೊಂದನ್ನು ಒಳಗಿಟ್ಟು ನೋಡಿ, ತೇವಾಂಶ ಶೇ. 65 ದಾಟಿಯೇ ಇರುತ್ತಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹೀರುವ ಯಂತ್ರ ಬೇಕಾಗುತ್ತದೆ. ಆಗ ಮಾತ್ರ ಅಂಗಡಿಯ ಕಿಟಕಿಗಳನ್ನು ಮುಚ್ಚಿಡಬೇಕು, ತೆರೆದಿಟ್ಟರೆ ಯಂತ್ರ ಹೊರಗಿನ ಮಳೆಗಾಳಿಯನ್ನೇ ಒಣಗಿಸುತ್ತ ಕೂರುತ್ತದೆ.