ರೇಷ್ಮೆ ಹೂವು ದೇವರ ಮಂಟಪಕ್ಕೆ ಆಗುತ್ತದೆಯೇ?

ಪ್ರಶ್ನೆ: ಮಕ್ಕಳಿಬ್ಬರೂ ಓದಲು ಬೇರೆ ಊರಿಗೆ ಹೋದ ಮೇಲೆ ಮಧ್ಯಾಹ್ನವೆಲ್ಲ ಬಿಡುವು. ರೇಷ್ಮೆ ಬಟ್ಟೆಯಲ್ಲಿ ಹೂವು ಮಾಡಲು ಕಲಿತು, ದಸರಾ ಗೊಂಬೆ ಕೂರಿಸುವಾಗ ದೇವರ ಮಂಟಪಕ್ಕೆ ಅಲಂಕಾರ ಮಾಡುವ ಆಸೆ. ಅತ್ತೆಯವರು ‘ವಾಸನೆಯೇ ಇಲ್ಲದ ಹೂವು ದೇವರಿಗೇಕೆ’ ಅನ್ನುತ್ತಾರೆ. ಏನು ಮಾಡಲಿ? ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಖಂಡಿತ ಕಲಿಯಿರಿ. ಅತ್ತೆಯವರ ಮಾತನ್ನು ತಳ್ಳಿಹಾಕಲೂ ಬೇಡಿ. ಅರ್ಚನೆಗೆ, ದೇವರ ಮುಡಿಗೆ ಗಿಡದ ಹೂವೇ ಆಗಬೇಕು. ಮೈಸೂರಿನ ನಮ್ಮ ಮನೆಯಲ್ಲೂ ಅದಕ್ಕೆ ಮಲ್ಲಿಗೆ, ತುಳಸಿಯೇ. ರೇಷ್ಮೆ ಹೂವಿನ ಜಾಗ ಬೇರೆ: ಮಂಟಪದ ಕಂಬ, ಹಿಂದಿನ ಪರದೆ, ಗೊಂಬೆ ಮೆಟ್ಟಿಲಿನ ಎರಡು ಬದಿ. ಇದನ್ನು ಬಿಡಿಸಿ ಹೇಳಿ ನೋಡಿ. ಪಟ್ಟೆ ಸೀರೆ ಮಡಿಗೆ ಆಗುತ್ತದೆ ಅಲ್ವಾ? ಅದೇ ಬಟ್ಟೆಯ ಹೂವು ಮಂಟಪಕ್ಕೆ ಯಾಕಾಗಬಾರದು?

ಆದರೆ ಬಟ್ಟೆ ನಿಜವಾದ ರೇಷ್ಮೆಯೇ ಇರಲಿ. ಅಂಗಡಿಯಲ್ಲಿ ‘ಸಿಲ್ಕ್ ಹೂವು’ ಎಂದು ಮಾರುವುದರಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಒಂದು ಎಳೆ ಕಿತ್ತು ಸುಟ್ಟರೆ ಗೊತ್ತಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲೇ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ. ಹೊಸ ಬಟ್ಟೆ ಕೊಳ್ಳಬೇಡಿ, ಜರಿ ಹೋದ ಹಳೇ ಸೀರೆಯೇ ಸಾಕು.

ಕತ್ತರಿ ಹಿಡಿಯುವ ಮೊದಲು ಹಿತ್ತಲಿನ ಒಂದು ದಾಸವಾಳ ಕಿತ್ತು ತನ್ನಿ. ಒಂಟಿ ಎಸಳಿನದು. ಸುಮ್ನೆ ನೋಡಿ. ಐದು ಎಸಳು, ಒಂದರ ಅಂಚು ಪಕ್ಕದ್ದರ ಮೇಲೆ ಏರಿ ಕೂತಿರುತ್ತದೆ. ನಡುವೆ ಉದ್ದನೆಯ ದಂಡು, ಅದರ ಸುತ್ತ ಹಳದಿ ಪರಾಗ, ತುದಿಯಲ್ಲಿ ಐದು ಕೆಂಪು ಚುಕ್ಕಿ. ಎಸಳನ್ನು ಒಂದೊಂದಾಗಿ ಬಿಡಿಸಿ, ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಬುಡದಲ್ಲಿ ಎಷ್ಟು ಕಿರಿದು, ತುದಿಯಲ್ಲಿ ಎಷ್ಟು ಅಗಲ! ಇಷ್ಟು ವರ್ಷ ದೇವರಿಗೆ ಏರಿಸಿದ ಹೂವನ್ನು ನಾವು ಹೀಗೆ ನೋಡಿಯೇ ಇರುವುದಿಲ್ಲ. ಈ ಕೆಲಸದಲ್ಲಿ ನನಗೆ ಪೂಜೆ ಅನ್ನಿಸುವುದು ಈ ನೋಡುವ ಹೊತ್ತೇ. ಹೂವು ಮಾಡುವುದು ಆಮೇಲಿನ ಮಾತು.

ಬಟ್ಟೆಗೆ ಮೊದಲು ಗಂಜಿ ಹಾಕಬೇಕು. ಈ ಕಸುಬಿನಲ್ಲಿ ಕೆಲವರು ಜೆಲಾಟಿನ್ ಬಳಸುತ್ತಾರೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದು, ದೇವರ ಮಂಟಪಕ್ಕೆ ಬೇಡ. ಸಬ್ಬಕ್ಕಿ ಗಂಜಿ ಸೋಸಿ ಹಚ್ಚಿ, ನೆರಳಲ್ಲಿ ಒಣಗಿಸಿ. 1912ರಲ್ಲಿ ಶುರುವಾದ ನಮ್ಮ ಮೈಸೂರು ರೇಷ್ಮೆ ಕಾರ್ಖಾನೆಯ ಕ್ರೇಪ್ ಸೀರೆಯಾದರೆ ಗಂಜಿ ಕೊಂಚ ಗಟ್ಟಿಯಾಗಿರಲಿ. ಆ ನೂಲಿಗೆ ಹುರಿ ಜಾಸ್ತಿ, ಬಟ್ಟೆ ಇಳಿಬೀಳುತ್ತದೆ, ಎಸಳು ನಿಲ್ಲುವುದಿಲ್ಲ. ಕತ್ತರಿಸುವಾಗ ಟೈಲರ್‌ಗಳು ಕ್ರಾಸ್ ಅನ್ನುತ್ತಾರಲ್ಲ, ಹಾಗೆ ಓರೆಯಾಗಿ ಕತ್ತರಿಸಿ. ಅಂಚಿನ ಎಳೆ ಅಷ್ಟಾಗಿ ಬಿಡುವುದಿಲ್ಲ, ಎಸಳೂ ಚೆನ್ನಾಗಿ ಬಾಗುತ್ತದೆ. ಕಂಬಳಿ ಮಡಿಸಿ, ಅದರ ಮೇಲೆ ಎಸಳಿಟ್ಟು, ಬೆಚ್ಚಗಿನ ಸ್ಟೀಲ್ ಚಮಚದ ಬೆನ್ನಿನಿಂದ ಒತ್ತಿದರೆ ಕುಳಿ ಬೀಳುತ್ತದೆ. ಚಮಚ ತೀರಾ ಕಾದಿದ್ದರೆ ರೇಷ್ಮೆ ಹಳದಿಯಾಗುತ್ತದೆ, ಒಂದು ಚೂರು ಬಟ್ಟೆಯ ಮೇಲೆ ಮೊದಲು ಒತ್ತಿ ನೋಡಿ. ತೆಳು ತಂತಿಗೆ ಕಟ್ಟಿ ಹಸಿರು ಟೇಪ್ ಸುತ್ತಿದರೆ ಆಯಿತು.

ಜೋಡಿಸುವಾಗ ಕೈ ಹಿಡಿತ ಇರಲಿ. ಹಿತ್ತಾಳೆ ಚೊಂಬಿಗೆ ಮರಳು ತುಂಬಿ, ಕಡ್ಡಿಗಳನ್ನು ಎತ್ತರ ತಗ್ಗಾಗಿ ನೆಡಿ. ಹೂವು ಹೆಚ್ಚಾಗಿ ದೇವರ ಮುಖವೇ ಮುಚ್ಚಿಹೋದ ಮಂಟಪಗಳನ್ನು ನೋಡಿದ್ದೇನೆ, ನನಗೆ ಹಿಡಿಸುವುದಿಲ್ಲ. ದೀಪದಿಂದ ಎರಡು ಮೊಳವಾದರೂ ದೂರವಿಡಿ, ಮಂಗಳಾರತಿ ಎತ್ತುವ ಕಡೆಗಂತೂ ಬೇಡವೇ ಬೇಡ.

ಹಬ್ಬ ಮುಗಿದ ಮೇಲೆ ನೀರಲ್ಲಿ ಅದ್ದಬೇಡಿ, ಗಂಜಿ ಬಿಟ್ಟುಹೋಗುತ್ತದೆ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದು, ಒಣ ಬೇವಿನೆಲೆ ಜೊತೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಗೊಂಬೆ ಪೆಟ್ಟಿಗೆಗೇ ಹಾಕಿಡಿ. ಗಂಜಿಗೆ ಹುಳ ಬರುತ್ತದೆ, ಮಳೆಗಾಲದಲ್ಲಿ ಒಮ್ಮೆ ತೆಗೆದು ನೋಡಿ.